ಕಂಪಿಲಿ ರಾಜ್ಯದ ರಾಜಕುಮಾರ ಕುಮಾರರಾಮನಿಗೆ ‘ಪರನಾರಿ ಸಹೋದರ’ ಅನ್ನೋ ಬಿರುದು ಯಾಕೆ?

ಬೇರೆಯವರ ಹೆಂಡಿರನ್ನು ಅಕ್ಕತಂಗಿಯರಂತೆ ನೋಡುತ್ತೇನೆ ಅನ್ನುವ ಮಾತಿಗೆ ಅವನು ತಲೆ ಹೋಗುವ ಹೊತ್ತಲ್ಲೂ ತಪ್ಪಲಿಲ್ಲ, ಅದಕ್ಕೇ. ಕತೆಯಲ್ಲಿ ಅವನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ, ಇವನು ‘ನೀನು ತಾಯಿ’ ಅಂತ ಬಿಡಿಸಿಕೊಂಡು ಬರುತ್ತಾನೆ. ಅವಳು ಗಂಡ ಕಂಪಿಲರಾಯನಿಗೆ ಉಲ್ಟಾ ಚಾಡಿ ಹೇಳುತ್ತಾಳೆ, ಅವನೋ ಹಿಂದೆಮುಂದೆ ನೋಡದೆ ಮಗನ ತಲೆ ಕಡಿಯಿರಿ ಅನ್ನುತ್ತಾನೆ. ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸಿದ ಅನ್ನಿ.

ಆದರೆ ಈ ಬಿರುದು ಅವನೊಬ್ಬನದೇ ಅಲ್ಲ. ಶಾಸನಗಳಲ್ಲಿ ಎಷ್ಟೋ ಸಾಮಂತರಿಗೆ ಇದೆ, ಜೊತೆಗೆ ‘ಶರಣಾಗತ ವಜ್ರಪಂಜರ’, ಅಂದರೆ ಮೊರೆಬಂದವರಿಗೆ ವಜ್ರದ ಗೂಡು ಅನ್ನೋದೂ. ಬಿರುದು ಸುಮ್ನೆ ಹೊಗಳಿಕೆ ಅಲ್ಲ, ಎಲ್ಲರೆದುರು ಕೊಟ್ಟ ಭಾಷೆ. ಹೊಗಳುಭಟ್ಟರು ಕೂಗಿ ಕೂಗಿ ಹೇಳಿದ್ದನ್ನು ಮುರಿದರೆ ಮುಖ ತೋರಿಸೋದು ಹೇಗೆ, ಅಲ್ವಾ?

ಮಗನ ವಿಷಯದಲ್ಲಿ ಎಡವಿದ ಕಂಪಿಲರಾಯನೂ ಶರಣು ಬಂದವನ ವಿಷಯದಲ್ಲಿ ಎಡವಲಿಲ್ಲ. ತುಘಲಕ್ ಸುಲ್ತಾನನ ಮೇಲೆ ದಂಗೆಯೆದ್ದು ಓಡಿಬಂದ ಬಹಾವುದ್ದೀನನನ್ನು ಒಪ್ಪಿಸದೆ ಹೊಯ್ಸಳರ ಕಡೆ ಸಾಗಿಸಿ, ತಾನು ಹೋರಾಡಿ ಸತ್ತ. 1327ರ ಸುಮಾರಿಗೆ ರಾಜ್ಯವೇ ಹೋಯಿತು. ನಮ್ಮ ಗಂಗಾವತಿ ಕಡೆ ಬಂದರೆ ಅವರಿದ್ದ ಕುಮ್ಮಟದುರ್ಗದ ಕೋಟೆಗೋಡೆ ಈಗಲೂ ನೋಡಬಹುದು.