ಗಾಳಿ ಹೊಡೆಯುವ ಮಷಿನ್: ಡಬ್ಬದ ಮೇಲಿನ ನಂಬರ್ ನೋಡಿ ಮೋಸ ಹೋಗಬೇಡಿ

ಪ್ರಶ್ನೆ: ಸಾರ್, ನಾನು ನಿವೃತ್ತ ಪ್ರೈಮರಿ ಟೀಚರ್. ನಾಪೋಕ್ಲಿನಿಂದ ಒಳಗೆ ಆರು ಕಿಲೋಮೀಟರ್ ದೂರದಲ್ಲಿ ನಮ್ಮ ತೋಟದ ಮನೆ. ಮನೆಯಲ್ಲಿ ಒಂದು ಹಳೇ ಮಾರುತಿ ಕಾರು, ಒಂದು ಸ್ಕೂಟರು, ಗೊಬ್ಬರ ಸಾಗಿಸುವ ಒಂಟಿ ಚಕ್ರದ ಗಾಡಿ, ರಜೆಗೆ ಬರುವ ಮೊಮ್ಮಗನ ಸೈಕಲ್ಲು ಇವೆ. ಬೆಳಿಗ್ಗೆ ಎದ್ದು ನೋಡಿದರೆ ಇವುಗಳಲ್ಲಿ ಯಾವುದಾದರೂ ಒಂದು ಕೂತಿರುತ್ತದೆ. ಕಾಲು ಪಂಪು ತುಳಿಯಲು ನನ್ನ ಮಂಡಿ ಬಿಡುವುದಿಲ್ಲ. ಅಂಗಡಿಯವರು ‘1 ಎಚ್‌ಪಿ, 25 ಲೀಟರ್ ಟ್ಯಾಂಕಿನದು ತಗೊಳ್ಳಿ, ಗೇಟಿಗೆ ಪೇಂಟೂ ಹೊಡೆಯಬಹುದು, ವೀಡ್ ಕಟರ್ ಫಿಲ್ಟರೂ ಊದಬಹುದು’ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಟಾರ್ಚಿನಷ್ಟಿರುವ, ಚಾರ್ಜ್ ಮಾಡುವಂಥದ್ದು ಕಳಿಸುತ್ತೇನೆ ಅನ್ನುತ್ತಾನೆ. 3000 ರೂಪಾಯಿ ದಾಟಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಯಾವುದು ತಗೊಳ್ಳಲಿ?
– ಓದುಗರು, ನಾಪೋಕ್ಲು

ಉತ್ತರ: ಗೊತ್ತು ಟೀಚರೇ. ಗೋಣಿಕೊಪ್ಪಲಿನಲ್ಲಿ ಇಪ್ಪತ್ತಾರು ವರ್ಷ ಪಂಪು, ಮೋಟಾರು ಬಿಚ್ಚಿ ಕೂರಿಸಿದವನು ನಾನು. ಜುಲೈ ತಿಂಗಳಲ್ಲಿ ನನ್ನ ಬೆಂಚಿನ ಮೇಲೆ ಬರುತ್ತಿದ್ದ ಮೋಟಾರುಗಳಲ್ಲಿ ಅರ್ಧಕ್ಕರ್ಧ ಲೋ ವೋಲ್ಟೇಜಿಗೆ ಸುಟ್ಟವು. ಅದಕ್ಕೇ ಅಂಗಡಿಯವರ ಸಲಹೆಯನ್ನು ಮೊದಲು ಬದಿಗಿಡೋಣ.

1 ಎಚ್‌ಪಿ ಅಂದರೆ 746 ವಾಟ್. ಓಡುವಾಗ ಅಷ್ಟಾದರೂ ಎಳೆಯುವ ಮೋಟಾರು ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮನೆಯ ಯುಪಿಎಸ್ ‘ಟಿಕ್’ ಅಂದು ಕೂರುತ್ತದೆ. ಲೈನಿನಲ್ಲಿ 170 ವೋಲ್ಟ್ ಇದ್ದಾಗ ಹಾಕಿದಿರೋ, ಮೋಟಾರು ತಿರುಗದೆ ಹೂಂಗುಟ್ಟುತ್ತಾ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ತೂಕ ಇಪ್ಪತ್ತು ಕೆ.ಜಿ. ಆಸುಪಾಸು, ಬೆಲೆ ನಿಮ್ಮ ಬಜೆಟ್ಟಿನ ಎರಡು ಮೂರು ಪಟ್ಟು. ಟ್ಯಾಂಕಿನೊಳಗೆ ನೀರು ಕಟ್ಟುವುದು ಬೇರೆ. ಮಳೆ ಬಿಡದೆ ಸುರಿಯುವ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಹಸಿರು ಬೂಷ್ಟು ಹಿಡಿಯುವ ಊರು ನಮ್ಮದು. ಅಂಥ ಗಾಳಿಯನ್ನು ಹಿಂಡಿ ಕಬ್ಬಿಣದ ಟ್ಯಾಂಕಿಗೆ ತುಂಬಿದರೆ ನೀರು ಇಳಿಯದೆ ಇರುತ್ತದೆಯೇ? ದಿನದ ಕೆಲಸ ಮುಗಿದ ಮೇಲೆ ಅಡಿಯ ತಿರುಪು ಬಿಚ್ಚಿ ಅದನ್ನು ಸುರಿಯಬೇಕು. ಸುರಿಯುವವರು ನಾನು ಕಂಡಂತೆ ಹತ್ತರಲ್ಲಿ ಒಬ್ಬರು. ಗೇಟಿಗೆ ಬ್ರಶ್ಶೇ ಸಾಕು. ವೀಡ್ ಕಟರ್‌ನ ಸ್ಪಂಜ್ ಫಿಲ್ಟರನ್ನು ಸೋಪಿನ ನೀರಲ್ಲಿ ಹಿಂಡಿ ಒಣಗಿಸಿದರೆ ಆಯಿತು, ಊದುವುದೇ ಬೇಡ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಮೇಷ್ಟ್ರುಗಳಿಗೆ ಇಷ್ಟವಾದೀತು. ಗಾಳಿ ಮಷಿನಿಗೆ ಎರಡು ಗುಣ: ಎಷ್ಟು ಒತ್ತಡ ಕೊಡುತ್ತದೆ, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆಯುವುದು ಮೊದಲನೆಯದನ್ನು, ‘150 ಪಿಎಸ್‌ಐ’ ಅಂತ. ಪಿಎಸ್‌ಐ ಅಂದರೆ ಒತ್ತಡದ ಅಳತೆ, ಬಾಯಿಮಾತಿನಲ್ಲಿ ‘ಪಾಯಿಂಟ್’. ನಿಮಗೆ 150 ಯಾಕೆ? ಕಾರಿಗೆ ಬೇಕಾದದ್ದು ಮೂವತ್ತರ ಆಸುಪಾಸು. ನಮ್ಮ ಮನೆಯ ಸ್ಕೂಟರಿಗೆ ಮುಂದೆ 22, ಹಿಂದೆ 29, ಇಬ್ಬರು ಕೂತರೆ 36. ನಿಮ್ಮ ನೋವು ಎರಡನೆಯದರಲ್ಲಿದೆ. ಚಿಕ್ಕ ಕಾರಿನ ಟೈರಿನೊಳಗೆ ಸುಮಾರು 20 ಲೀಟರ್ ಜಾಗ. ಪೂರ್ತಿ ಕೂತ ಟೈರನ್ನು 30 ಪಿಎಸ್‌ಐಗೆ ಏರಿಸಲು ಹೊರಗಿನಿಂದ 40 ಲೀಟರ್ ಗಾಳಿ ತಳ್ಳಬೇಕು. ಟೈರಿನ ಎದುರೊತ್ತಡದಲ್ಲಿ ನಿಮಿಷಕ್ಕೆ 10 ಲೀಟರ್ ತಳ್ಳುವ ಮಷಿನಾದರೆ ನಾಲ್ಕು ನಿಮಿಷ, 4 ಲೀಟರಿನದಾದರೆ ಹತ್ತು. ಸಣ್ಣ ಮಷಿನುಗಳು ಹತ್ತು ನಿಮಿಷ ಓಡಿದರೆ ಅಷ್ಟೇ ಹೊತ್ತು ಆರಬೇಕು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ಸೊನ್ನೆಯಿಂದ ಮೂವತ್ತಕ್ಕೆ ಎಷ್ಟು ನಿಮಿಷ?’ ಉತ್ತರ ಬರದಿದ್ದರೆ ನಿಮ್ಮ ಕಾರಿನ ಸ್ಟೆಪ್ನಿ ಇಳಿಸಿ, ಗಾಳಿ ಬಿಟ್ಟು, ಅಲ್ಲೇ ಹಾಕಿಸಿ ನೋಡಿ. ಸಿಡುಕುವ ಅಂಗಡಿಯವನಿಂದ ಕೊಳ್ಳಬೇಡಿ.

ಮಗನ ಟಾರ್ಚ್ ಮಷಿನ್ ಬೆಂಗಳೂರಿಗೆ ಸರಿ. ಅಂಥವುಗಳ ಬ್ಯಾಟರಿ ಸಾಮಾನ್ಯವಾಗಿ 7.4 ವೋಲ್ಟ್, 2000 ಎಂಎಎಚ್, ಅಂದರೆ 2 ಆಂಪಿಯರ್-ಗಂಟೆ. ಗುಣಿಸಿದರೆ 15 ವಾಟ್-ಗಂಟೆ ಕೂಡ ಆಗುವುದಿಲ್ಲ. ನೂರು ವಾಟ್ ಎಳೆದರೆ ಎಂಟೊಂಬತ್ತು ನಿಮಿಷದಲ್ಲಿ ಖಾಲಿ. ನಾಲ್ಕು ಚಕ್ರಕ್ಕೆ ಮೂರು ಮೂರು ಪಾಯಿಂಟ್ ಸೇರಿಸಲು ಧಾರಾಳ. ಪೂರ್ತಿ ಕೂತ ಟೈರು ಒಂದಾದರೆ ಸರಿ, ಎರಡನೆಯದಕ್ಕೆ ಏದುಸಿರು. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಮರೆವು. ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡದೆ ಡ್ರಾಯರಿನಲ್ಲಿಟ್ಟ ಲಿಥಿಯಂ ಬ್ಯಾಟರಿ, ಬೇಕಾದ ದಿನವೇ ಸತ್ತಿರುತ್ತದೆ. ಆ ದಿನ ಕರೆಂಟೂ ಇರುವುದಿಲ್ಲ.

ಹಾಗಾಗಿ ನೀವು ತಗೊಳ್ಳಬೇಕಾದದ್ದು ಕಾರಿನ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ 12 ವೋಲ್ಟಿನದು. ಎರಡರಿಂದ ಮೂರು ಸಾವಿರದೊಳಗೆ ಒಳ್ಳೆಯದೇ ಬರುತ್ತದೆ. ಇನ್ನೂ ಅಗ್ಗದ್ದು ಯಾಕೆ ಬೇಡ ಅಂದರೆ, ನಾನೇ ಒಮ್ಮೆ ರಸ್ತೆಬದಿಯಲ್ಲಿ ಏಳುನೂರಕ್ಕೆ ಒಂದು ತಗೊಂಡಿದ್ದೆ. ಸಂಪಾಜೆ ಘಾಟಿ ಇಳಿಯುವಾಗ, ರಾತ್ರಿ ಎಂಟೂವರೆ, ಮಳೆ ಅಂದರೆ ಮಳೆ, ಎಡಗಡೆ ಹಿಂದಿನ ಚಕ್ರ ಕೂತಿತು. ಹೆಂಡತಿ ಕೊಡೆ ಹಿಡಿದು ನಿಂತಿದ್ದಾಳೆ, ನಾನು ಮೊಣಕಾಲೂರಿ ಮಷಿನ್ ಹಿಡಿದಿದ್ದೇನೆ. ಹನ್ನೊಂದು ನಿಮಿಷ ಗಡಗಡ ಅಂದಿತು. ಮೀಟರು 30 ತೋರಿಸಿತು, ಬೆರಳಲ್ಲಿ ಒತ್ತಿದರೆ ಟೈರು ಇಡ್ಲಿ. ಪೈಪಿನ ಹಿತ್ತಾಳೆ ತುದಿ ಬಿಚ್ಚಲು ಹೋಗಿ ಹೆಬ್ಬೆಟ್ಟು ಸುಟ್ಟುಕೊಂಡೆ. ಗಾಳಿ ಹಿಂಡಿದಾಗ ಅಲ್ಲಿ ಅಷ್ಟು ಬಿಸಿಯಾಗುತ್ತದೆ ಅನ್ನುವುದು, ರಿಪೇರಿಯವನಾದರೂ, ನೆನಪಿಗೆ ಬಂದದ್ದು ಆಮೇಲೆ. ಮಾರನೆಯ ದಿನ ಬಿಚ್ಚಿ ನೋಡಿದರೆ ಒಳಗಿನ ಗೇರು ಪ್ಲಾಸ್ಟಿಕ್ಕು, ಹಲ್ಲುಗಳು ಬೆಣ್ಣೆ ಕರಗಿದ ಹಾಗೆ ಒಂದಕ್ಕೊಂದು ಅಂಟಿದ್ದವು. ಸರಿಯಾದ ಗೇಜ್ ಹಿಡಿದಾಗ ಟೈರಿನಲ್ಲಿದ್ದದ್ದು 19.

ನೀವು ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಲೋಹದ ಸಿಲಿಂಡರಿನದು ಗಾತ್ರಕ್ಕೆ ಮೀರಿ ಭಾರವಿರುತ್ತದೆ. ವೈರು ಮೂರು ಮೀಟರಾದರೂ ಇರಲಿ, ಹಿಂದಿನ ಚಕ್ರಕ್ಕೆ ಮುಟ್ಟಬೇಕಲ್ಲ. ಹೇಳಿದ ಪಾಯಿಂಟಿಗೆ ತಾನೇ ನಿಲ್ಲುವಂಥದ್ದಾದರೆ ನಿಮ್ಮ ಮಂಡಿಗೆ ಉಪಕಾರ, ಕೂತು ಮೀಟರು ನೋಡುವ ಕೆಲಸ ತಪ್ಪುತ್ತದೆ. ವಾಲ್ವಿಗೆ ಸಿಕ್ಕಿಸುವ ಪೈಪಿನ ತುದಿ ತಿರುಗಿಸಿ ಕೂರಿಸುವ ಮೌತಾದರೆ ಬಿಚ್ಚುವಾಗ ಒಂದೆರಡು ಪಾಯಿಂಟ್ ‘ಪುಸ್’ ಅನ್ನುತ್ತದೆ, ಮೊದಲೇ ಅಷ್ಟು ಹೆಚ್ಚು ಹಾಕಿ. ಸ್ಕೂಟರಿನ ಹಿಂದಿನ ಚಕ್ರದಲ್ಲಿ ವಾಲ್ವ್ ಇಕ್ಕಟ್ಟಿನಲ್ಲಿರುತ್ತದೆ, ನೇರ ಮೌತು ಒಳಗೆ ಹೋಗುವುದಿಲ್ಲ. ಬಗ್ಗಿದ ಹಿತ್ತಾಳೆ ತುಂಡು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ, ಮರೆಯದೆ ತನ್ನಿ. ಮೊಮ್ಮಗನದು ಗೇರ್ ಸೈಕಲ್ಲಾದರೆ ಹೆಚ್ಚಾಗಿ ಕಾರಿನದೇ ವಾಲ್ವ್ ಇರುತ್ತದೆ, ಹಳೇ ಕರಿ ಸೈಕಲ್ಲಾದರೆ ಬೇರೆ ಮೌತು ಬೇಕು. ತಂದ ಮೇಲೆ ಒಮ್ಮೆ ಪೆಟ್ರೋಲ್ ಬಂಕಿಗೆ ಹೋಗಿ ಅಲ್ಲಿನ ಮೀಟರಿನ ಜೊತೆ ಹೋಲಿಸಿ, ಎಷ್ಟು ವ್ಯತ್ಯಾಸ ಅಂತ ಮಷಿನಿನ ಬೆನ್ನ ಮೇಲೆ ಮಾರ್ಕರಿನಲ್ಲಿ ಬರೆದಿಡಿ.

ಕಾರು ಮನೆಯಲ್ಲಿಲ್ಲದಾಗ ಏನು ಮಾಡುವುದು? ಸ್ಕೂಟರಿನ ಬ್ಯಾಟರಿಗೆ ಖಂಡಿತ ಕೊಡಬೇಡಿ, ಅದು ತೀರಾ ಚಿಕ್ಕದು. ನಿಮ್ಮ ಯುಪಿಎಸ್ 12 ವೋಲ್ಟಿನ ಒಂದೇ ಬ್ಯಾಟರಿಯದಾದರೆ ಅದೇ ಸಾಕು. ಕೆಂಪು, ಕಪ್ಪು ಕ್ಲಿಪ್ಪಿರುವ ಸಾಕೆಟ್ ಒಂದನ್ನು, ಫ್ಯೂಸ್ ಇರುವಂಥದ್ದು, ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ. ಮಷಿನ್ 10 ಆಂಪಿಯರ್ ಎಳೆದು ಹತ್ತು ನಿಮಿಷ ಓಡಿದರೂ ಖರ್ಚಾಗುವುದು 1.7 ಆಂಪಿಯರ್-ಗಂಟೆ (ಎಎಚ್). ನಿಮ್ಮ ಬ್ಯಾಟರಿ 150 ಎಎಚ್ ಇದ್ದೀತು, ಅದಕ್ಕೆ ಗೊತ್ತೂ ಆಗುವುದಿಲ್ಲ. ಕರೆಂಟು ಮೂರು ದಿನ ಬಾರದಿದ್ದರೂ ಸ್ಕೂಟರು ಹೊರಡುತ್ತದೆ. ಎರಡು ಎಚ್ಚರಿಕೆ: ಕ್ಲಿಪ್ಪು ಹಾಕುವಾಗಲೂ ತೆಗೆಯುವಾಗಲೂ ಮಷಿನಿನ ಸ್ವಿಚ್ ಆಫ್ ಇರಲಿ, ಚಾರ್ಜಾಗುವ ಬ್ಯಾಟರಿಯ ಬಳಿ ಕಿಡಿ ಹಾರಬಾರದು. ಕೆಂಪು ಕಪ್ಪು ಅದಲುಬದಲಾದರೆ ಡಿಜಿಟಲ್ ಮೀಟರಿನ ಮಷಿನ್ ಹೋಯಿತು ಅಂತಲೇ ತಿಳಿಯಿರಿ.

ತಿಂಗಳಿಗೊಮ್ಮೆ ಎರಡು ನಿಮಿಷ ಸುಮ್ಮನೆ ಓಡಿಸಿ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಪಕ್ಕ ಇಟ್ಟು ಒಂದು ಹೂವು ಏರಿಸಿದರೂ ನನ್ನ ಅಡ್ಡಿಯಿಲ್ಲ. ಅಂದಹಾಗೆ, ದಿನಾ ಒಂದು ಚಕ್ರ ಕೂರುತ್ತದೆ ಅಂದರೆ ಗಾಳಿಯ ಮಷಿನಿಗಿಂತ ಮೊದಲು ಸೋಪಿನ ನೀರು ಬೇಕು. ವಾಲ್ವಿನ ಬಾಯಿಗೆ ಸವರಿ ನೋಡಿ, ಗುಳ್ಳೆ ಬಂದರೆ ಒಳಗಿನ ಪಿನ್ ಬದಲಿಸಿ. ಅದಕ್ಕೆ ಮೂರು ಸಾವಿರ ಬೇಡ.

ಪ್ರಶ್ನೆ: ಮಡಿಕೇರಿಯಲ್ಲಿ ಬೆಳಿಗ್ಗೆ 32 ಹಾಕಿದ್ದೆ. ಮಂಗಳೂರಿನಲ್ಲಿ ರಾತ್ರಿ ಉಳಿದು ಮಾರನೆಯ ಬೆಳಿಗ್ಗೆ ಅದೇ ಮೀಟರಿನಲ್ಲಿ ನೋಡಿದರೆ 31. ಮೀಟರು ಕೆಟ್ಟಿದೆಯೇ?
– ಓದುಗರು, ಮಡಿಕೇರಿ

ಉತ್ತರ: ಮೀಟರು ಚೆನ್ನಾಗಿದೆ. ಅದು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಅನ್ನುವುದನ್ನು. ಮಡಿಕೇರಿ ಹೆಚ್ಚುಕಮ್ಮಿ 1150 ಮೀಟರ್ ಎತ್ತರದಲ್ಲಿದೆ, ಹೊರಗಿನ ಗಾಳಿ ಅಲ್ಲಿ ತೆಳು. ಕಡಲ ಮಟ್ಟಕ್ಕೆ ಇಳಿದಾಗ ಹೊರಗಿನ ಒತ್ತಡ ಸುಮಾರು 2 ಪಿಎಸ್‌ಐ ಹೆಚ್ಚುವುದರಿಂದ ಮೀಟರು ಅಷ್ಟು ಕಡಿಮೆ ತೋರಿಸುತ್ತದೆ. ಮಂಗಳೂರಿನ ಸೆಕೆ ಅದರಲ್ಲಿ ಒಂದನ್ನು ವಾಪಸ್ ಕೊಟ್ಟಿದೆ. ಅಲ್ಲಿ ಗಾಳಿ ಸೇರಿಸಬೇಡಿ, ಮನೆಗೆ ಬಂದು ಟೈರು ತಣ್ಣಗಾದ ಮೇಲೆ ನೋಡಿ.

ಪ್ರಶ್ನೆ: ನಮ್ಮ ಕಾಫಿ ಗೋದಾಮಿನಲ್ಲಿ ಕೆಲಸ ಮುಗಿದ ಮೇಲೆ ಹುಡುಗರು ಕಂಪ್ರೆಸರ್ ಪೈಪಿನಿಂದ ಮೈಮೇಲಿನ ಧೂಳು ಊದಿಕೊಳ್ಳುತ್ತಾರೆ. ತೊಂದರೆಯಿಲ್ಲವೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಇದೆ. ಇವತ್ತೇ ನಿಲ್ಲಿಸಿ. ಆ ಒತ್ತಡಕ್ಕೆ ಕಣ್ಣು ಹೋಗುತ್ತದೆ, ಕಿವಿಯ ತಮಟೆ ಒಡೆಯುತ್ತದೆ, ಚರ್ಮದಲ್ಲಿ ಗಾಯವಿದ್ದರೆ ಗಾಳಿ ಒಳಗೇ ನುಗ್ಗಬಹುದು. ಬಾಗಿಲ ಹತ್ತಿರ ಎರಡು ಬಟ್ಟೆ ಬ್ರಶ್ ನೇತುಹಾಕಿ, ಪೈಪನ್ನು ಕೀಲಿ ಹಾಕಿದ ಕೋಣೆಯಲ್ಲಿಡಿ.