ಬೆಳಗಾವಿಯ ಕರೋಕೆ ಬಾರ್‌ನಲ್ಲಿ ಒಂದೇ ರೇಟಿಗೆ ಏಳು ತಿನಿಸು: ಹಾಡದವರು ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಬೆಳಗಾವಿಯಲ್ಲಿ ಕರೋಕೆ (ಹಿಮ್ಮೇಳ ಮಾತ್ರ ನುಡಿಸಿ, ಬಂದವರೇ ಹಾಡೋದು) ಇರುವ ಬಾರ್ ಒಂದರಲ್ಲಿ ತಲೆಗೆ ಇಷ್ಟು ಅಂತ ಒಂದೇ ರೇಟಿಗೆ ಏಳು ತಿನಿಸಿನ ಟೇಸ್ಟಿಂಗ್ ಮೆನು, ಅಂದರೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬರೋ ಊಟ, ಶುರುವಾಗಿದೆ. ನಾನು ಹಾಡುವುದಿಲ್ಲ, ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ. ಹೋದರೆ ದುಡ್ಡು ದಂಡವಾ?

ದಂಡ ಅಲ್ಲ. ಆದರೆ ಹೊಟ್ಟೆ ಹಸಿದುಕೊಂಡು ಹೋಗಬೇಡಿ. ನಾನು ಹಾಗೆ ಹೋಗಿಯೇ ಕೆಟ್ಟಿದ್ದು.

ಕಳೆದ ತಿಂಗಳು ಹೆಂಡತಿಯ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಅದೇ ವಾರ ಬೈಲಹೊಂಗಲದಿಂದ ನಮ್ಮ ಕಾಕಾ ಕಣ್ಣು ತೋರಿಸಲು ಬಂದಿದ್ದರು. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಅವರೊಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗೋದು ಹೇಗೆ? "ಕಾಕಾ, ಅದು ಬಾರ್ ರೀ" ಅಂತ ಮೊದಲೇ ಹೇಳಿದೆ. "ಇರವಲ್ದ್ಯಾಕ, ನಾ ಏನ ಕುಡಿಯಂಗಿಲ್ಲ. ಊಟ ಛಲೋ ಇರತೈತೇನ?" ಅಂದರು. ಇರುತ್ತೆ ಅಂದೆ. ಮೊಬೈಲಲ್ಲಿ ಫೋಟೋ ನೋಡಿ ಮನಸ್ಸಿನಲ್ಲೇ ಮಂಡಿಗೆ ತಿಂದು ಕೂತಿದ್ದೆ ನೋಡಿ. (ನಮ್ಮೂರಲ್ಲಿ ಮಂಡಿಗೆ ನಿಜವಾಗಿಯೂ ಸಿಗುತ್ತದೆ, ಆ ಮಾತು ಬೇರೆ.)

ತಲೆಗೆ 799 ರೂಪಾಯಿ. ಸಸ್ಯಾಹಾರಕ್ಕೂ ಮಾಂಸಾಹಾರಕ್ಕೂ ಅದೇ ರೇಟು, ಇದು ನನಗೆ ಅಷ್ಟು ಸರಿ ಅನಿಸಲಿಲ್ಲ. ಒಂದು ಮೇಜಿನವರೆಲ್ಲ ಅದನ್ನೇ ತಗೋಬೇಕು, ಒಬ್ಬರು ತಗೊಂಡು ಮೂವರು ಹಂಚಿಕೊಳ್ಳೋ ಹಾಗಿಲ್ಲ. ಆ ಏಳರಲ್ಲಿ ಬರೋದು ಬಿಟ್ಟು ಕುಡಿಯೋದು ಯಾವುದೂ ಇದರಲ್ಲಿ ಸೇರಿಲ್ಲ. ಲಿಂಬು ಸೋಡಾಕ್ಕೂ ಬೇರೆ ದುಡ್ಡು.

ಮೊದಲು ಬಂದದ್ದು ಕೋಕಮ್ ಹಾಕಿದ ಸೋಲ್ ಕಡಿ, ಚಹಾ ಕಪ್ಪಿಗಿಂತ ಚಿಕ್ಕ ಗ್ಲಾಸಿನಲ್ಲಿ. ಚೆನ್ನಾಗಿತ್ತು. ಆಮೇಲೆ ಕಾಗದದ ಪೊಟ್ಟಣದಲ್ಲಿ ಗಿರ್ಮಿಟ್, ನಾಲ್ಕು ಬಾಯಿಗೆ ಮುಗಿಯಿತು. ಮೂರನೆಯದು ಕಡ್ಡಿಗೆ ಚುಚ್ಚಿ ಸುಟ್ಟ ಅಣಬೆ. ನಾಲ್ಕನೆಯದಕ್ಕೆ ನಮ್ಮ ಕಾಕಾ ಎಚ್ಚರಾದರು. ಅಂಗೈಗಿಂತ ಚಿಕ್ಕ ಕಡಕ್ ರೊಟ್ಟಿಯ ತುಂಡು, ಅದರ ಮೇಲೆ ಬೆರಳುದ್ದದ ಒಂದು ಎಣ್ಣೆಗಾಯಿ, ಮೇಲೊಂದು ಹನಿ ಮೊಸರು, ಸುತ್ತ ಶೇಂಗಾ ಹಿಂಡಿಯ ರಂಗೋಲಿ.

ಕಾಕಾ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ ತಂದಿಟ್ಟ ಹುಡುಗನನ್ನು ಕರೆದು, "ತಮ್ಮಾ, ರೊಟ್ಟಿ ಮುರದ ಬಂದೈತಿ. ಉಳದ ತುಂಡೂ ತಗೊಂಡ ಬಾ" ಅಂದರು.

ಹುಡುಗ ಪಾಪ ನಕ್ಕ. ಹೆಂಡತಿ ನನ್ನ ಕಾಲು ತುಳಿದಳು. ಆದರೆ ಕಾಕಾ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ? ನಮ್ಮ ಕಡೆ ಒಂದೇ ರೇಟಿನ ಊಟ ಹೊಸದೇನಲ್ಲ. ಖಾನಾವಳಿ ಅಂದರೆ ಅದೇ ಅಲ್ವಾ? ರೇಟು ಒಂದೇ. ರೊಟ್ಟಿ, ಕಾಳು ಪಲ್ಯ, ಬದನೆಕಾಯಿ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಬಡಿಸುವವರು "ಇನ್ನೊಂದ ರೊಟ್ಟಿ ಹಾಕ್ಲೇನ್ರಿ" ಅಂತ ಬೆನ್ನು ಬಿಡುವುದಿಲ್ಲ. ಅಲ್ಲಿ ಸಾಕು ಅನ್ನೋದು ತಿನ್ನುವವನ ಹೊಟ್ಟೆ. ಇಲ್ಲಿ ಸಾಕು ಅನ್ನೋದು ಅಡುಗೆಮನೆ. ಏನು, ಎಷ್ಟು, ಯಾವಾಗ, ಮೂರೂ ಅವರೇ ತೀರ್ಮಾನ ಮಾಡುತ್ತಾರೆ. ಜಪಾನಿನಲ್ಲಿ ಇಂಥ ಊಟಕ್ಕೆ ಒಮಾಕಸೆ ಅಂತಾರೆ, ಹೆಚ್ಚು ಕಡಿಮೆ 'ನಿಮಗೇ ಬಿಟ್ಟಿದ್ದು' ಅಂತ ಅರ್ಥ. ಬಿಟ್ಟುಕೊಡಲು ಮನಸ್ಸು ಒಪ್ಪಿದರೆ ಇದು ಮಜಾ. ನಾಲ್ಕನೇ ತಟ್ಟೆಗೇ ಸಿಟ್ಟು ಬರೋ ಸ್ವಭಾವ ಇದ್ದರೆ ಬೇಡ. ಅಂದಹಾಗೆ ಆ ಎಣ್ಣೆಗಾಯಿ ರುಚಿ ಮನೆಯದಕ್ಕೆ ಸಮ ಇತ್ತು, ಕಾಕಾನೇ ಒಪ್ಪಿಕೊಂಡರು. ಅದಕ್ಕೇ ಜಾಸ್ತಿ ಸಿಟ್ಟು.

ಇನ್ನು ಹಾಡಿನ ವಿಷಯ. ಹಾಡಲೇಬೇಕು ಅಂತ ಯಾರೂ ಎಳೆಯುವುದಿಲ್ಲ. ಹಾಡಬೇಕು ಅನಿಸಿದವರು ಚೀಟಿಯಲ್ಲಿ ಹಾಡು ಮತ್ತು ಮೇಜಿನ ನಂಬರ್ ಬರೆದು ಲ್ಯಾಪ್‌ಟಾಪ್ ಮುಂದೆ ಕೂತಿರೋ ಹುಡುಗನಿಗೆ ಕೊಡಬೇಕು. ಸರದಿ ಬಂದಾಗ ಕರೆಯುತ್ತಾನೆ. ಅವತ್ತು ಮರಾಠಿ, ಹಿಂದಿ, ಕನ್ನಡ ಎಲ್ಲಾ ಬಂತು, ಕೊನೆಗೆ ಒಂದು ಕೊಂಕಣಿ ಹಾಡೂ ಬಂತು. ಗೋವಾ ಕಡೆಯವರಿರಬೇಕು. ಕನ್ನಡ ಹಾಡಿನ ಸಾಲುಗಳು ಪರದೆ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಬರುತ್ತವೆ. 'ಅ' ಯಾವುದು 'ಆ' ಯಾವುದು ಗೊತ್ತಾಗದೆ ಒಬ್ಬರು ಪ್ರೇಮಗೀತೆಯನ್ನು ಬೇರೆಯೇ ಏನೋ ಮಾಡಿಬಿಟ್ಟರು.

ಮೂರನೇ ಮೇಜಿನವರು ಹಾಡುವಾಗ ನನಗೆ ಎಲ್ಲೋ ಓದಿದ್ದು ನೆನಪಾಯಿತು. ಕರೋಕೆಯಲ್ಲಿ 'ಕರಾ' ಅಂದರೆ ಖಾಲಿ, ಉಳಿದದ್ದು ಆರ್ಕೆಸ್ಟ್ರಾ ಪದದ ತುಂಡು. ಅಂದರೆ ಹಾಡುವವನಿಲ್ಲದ ವಾದ್ಯಮೇಳ. 1971ರಲ್ಲಿ ಜಪಾನಿನ ಕೋಬೆ ಊರಲ್ಲಿ ಇನೊವೆ ದೈಸುಕೆ ಅನ್ನುವವರು ನಾಣ್ಯ ಹಾಕಿದರೆ ಹಿಮ್ಮೇಳ ನುಡಿಸೋ ಪೆಟ್ಟಿಗೆ ಮಾಡಿ ಬಾರ್‌ಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಲಿಲ್ಲ. 2004ರಲ್ಲಿ ಅವರಿಗೆ ಇಗ್ ನೊಬೆಲ್ ಅನ್ನೋ ತಮಾಷೆಯ ಶಾಂತಿ ಪ್ರಶಸ್ತಿ ಸಿಕ್ಕಿತು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳೋಕೆ ಹೊಸ ದಾರಿ ತೋರಿಸಿದ್ದಕ್ಕಂತೆ! ಮೂರನೇ ಮೇಜಿನವರನ್ನು ಕೇಳಿದ ಮೇಲೆ ಅದು ತಮಾಷೆ ಅನಿಸಲಿಲ್ಲ.

ನನ್ನ ತಪ್ಪು ಏನಂದರೆ, ಕೂತ ತಕ್ಷಣ ನಾನೂ ಒಂದು ಚೀಟಿ ಕೊಟ್ಟಿದ್ದೆ. ಅಡುಗೆಮನೆಯ ಲೆಕ್ಕ ಬೇರೆ, ಹಾಡಿನ ಸರದಿಯ ಲೆಕ್ಕ ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಐದನೆಯದು ಬಿಸಿಬಿಸಿ ಪನೀರ್, ಕಬ್ಬಿಣದ ತಟ್ಟೆಯಲ್ಲಿ ಚುರ್ ಅನ್ನುತ್ತಾ ಬಂತು. ಅದೇ ಹೊತ್ತಿಗೆ ನನ್ನ ನಂಬರ್ ಕರೆದರು. ಹೋಗಿ ನಿಂತರೆ ಟ್ರ್ಯಾಕ್ ನನ್ನ ಗಂಟಲಿಗಿಂತ ಎರಡು ಮನೆ ಮೇಲಿದೆ. ಸ್ಕೇಲ್ ಇಳಿಸಿ ಅಂತ ಮೊದಲೇ ಹೇಳಿದ್ದರೆ ಇಳಿಸುತ್ತಿದ್ದರು, ಒಂದು ಗುಂಡಿ ಒತ್ತೋ ಕೆಲಸ ಅಷ್ಟೇ. ನಾನು ಹೇಳಲಿಲ್ಲ. ಚರಣಕ್ಕೆ ಬರುವಷ್ಟರಲ್ಲಿ ದನಿ ಒಡೆದು, ಮೈಕಿನ ತಲೆ ಮುಚ್ಚಿ ಹಿಡಿದು, ಸ್ಪೀಕರ್ ಕುಂಯ್ ಅಂತು. ವಾಪಸ್ ಬಂದರೆ ನನ್ನ ತಟ್ಟೆ ಖಾಲಿ. "ಆರಿ ಹೊಂಟಿತ್ತೋ, ಅದಕ್ಕ ತಿಂದ್ಯಾ" ಅಂದರು ಕಾಕಾ. ಹಾಡು ಹೇಗಿತ್ತು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆರನೆಯದು ಒಂದು ಹಿಡಿ ಅನ್ನ. ಏಳನೆಯದು ಐಸ್‌ಕ್ರೀಂ ಪಕ್ಕದಲ್ಲಿ ಎರಡು ಚಮಚ ಕುಂದಾ. ಬೆಳಗಾವಿಯಲ್ಲಿ ಕೂತು ಕುಂದಾವನ್ನು ಚಮಚದ ಲೆಕ್ಕದಲ್ಲಿ ತಿಂದಿದ್ದು ಜೀವನದಲ್ಲಿ ಅದೇ ಮೊದಲು. ಎಂಟೂಕಾಲಿಗೆ ಶುರುವಾದದ್ದು ಮುಗಿದಾಗ ಹತ್ತು ದಾಟಿತ್ತು. ಹಾಗಾಗಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಬಿಲ್ ಬಂದಾಗ ಮಾತ್ರ ಕಾಕಾ ಬಂದದ್ದು ಸಾರ್ಥಕ ಆಯ್ತು. ಮೂವರ ಊಟಕ್ಕೆ 2397, ಅದರ ಕೆಳಗೆ ಸರ್ವಿಸ್ ಚಾರ್ಜ್ ಅಂತ ಹತ್ತು ಪರ್ಸೆಂಟ್, ಅದರ ಕೆಳಗೆ ಜಿಎಸ್‌ಟಿ. ಕಣ್ಣು ತೋರಿಸಲು ಬಂದವರು ಕನ್ನಡಕ ಏರಿಸಿ ಸರ್ವಿಸ್ ಚಾರ್ಜ್ ಸಾಲಿನ ಮೇಲೆ ಬೆರಳಿಟ್ಟರು: "ಇದ ಯಾವ ಟಿಕೀಟ?" ಐದು ಪರ್ಸೆಂಟ್ ಜಿಎಸ್‌ಟಿ ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. 2022ರ ಜುಲೈನಲ್ಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಅಂತ ಹೇಳಿದೆ. ಕೊಡೋದು ಬಿಡೋದು ನಿಮ್ಮಿಷ್ಟ. ತೆಗೆಯಿರಿ ಅಂದೆ, ಮ್ಯಾನೇಜರ್ ಸುಮ್ನೆ ತೆಗೆದುಕೊಟ್ಟರು, ಜಗಳ ಏನಿಲ್ಲ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ಗ್ರಾಹಕರ ಸಹಾಯವಾಣಿ. ಜಿಎಸ್‌ಟಿ ಸೇರಿ 2517 ಆಯ್ತು. ಉಳಿದ ದುಡ್ಡಲ್ಲಿ ಒಂದು ನೂರು ತೆಗೆದು ಕಾಕಾ ಆ ಬಡಿಸೋ ಹುಡುಗನ ಕೈಗೇ ಇಟ್ಟರು.

ನಿಮ್ಮ ವಿಷಯಕ್ಕೆ ಬರೋಣ. ಹೊಟ್ಟೆ ತುಂಬಬೇಕು ಅಂದರೆ ಖಾನಾವಳಿಗೇ ಹೋಗಿ, ಇದರ ಕಾಲುಭಾಗದ ದುಡ್ಡೂ ಬೇಡ. ಒಂದು ಸಂಜೆ ಕಳೆಯಬೇಕು, ನಾಲ್ಕು ಹೊಸ ರುಚಿ ನೋಡಬೇಕು ಅಂದರೆ ಇಲ್ಲಿಗೆ ಹೋಗಿ. ಆರು ಗಂಟೆಗೆ ಮನೆಯಲ್ಲೇ ಅವಲಕ್ಕಿ ಏನಾದರೂ ತಿಂದುಕೊಳ್ಳಿ. ಶನಿವಾರ ಬೇಡ, ನಡುವಾರದಲ್ಲಿ ಗದ್ದಲ ಕಡಿಮೆ. ಫೋನ್ ಮಾಡಿ ಜಾಗ ಹೇಳುವಾಗಲೇ ಸ್ಪೀಕರ್‌ನಿಂದ ದೂರದ ಮೇಜು ಕೇಳಿ. ನಮ್ಮದು ಸ್ಪೀಕರ್ ಕೆಳಗೇ ಇತ್ತು, ಹೆಂಡತಿಗೆ ಹುಟ್ಟುಹಬ್ಬದ ಶುಭಾಶಯವನ್ನೂ ಕೂಗಿಯೇ ಹೇಳಬೇಕಾಯಿತು. ಸಸ್ಯಾಹಾರದ ಏಳು ತಿನಿಸು ಯಾವುವು ಅಂತ ಹೆಸರು ಹಿಡಿದು ಕೇಳಿ, ಕೆಲವು ಕಡೆ ಏಳರಲ್ಲಿ ಐದಕ್ಕೆ ಪನೀರೇ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಹಾಡೋದಿಲ್ಲ ಅಂತೀರಿ. ಆದರೂ ಅಲ್ಲಿ ಕೂತ ಮೇಲೆ ಮನಸ್ಸು ಬದಲಾಗಬಹುದು, ನನಗೆ ಗೊತ್ತು. ಆಗ ಚೀಟಿಯನ್ನು ಕುಂದಾ ಬಂದ ಮೇಲೆ ಕೊಡಿ. ಅದಕ್ಕೆ ಆರಿಹೋಗುವ ಭಯ ಇಲ್ಲ.