ಎರಡು ಹೊತ್ತು ನೀರು ಹಾಕಿದರೂ ಸಸಿ ಹಳದಿಯಾಗುವುದೇಕೆ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ಮನೆ ಹಿಂದೆ ಹೊಂಗೆ, ನೇರಳೆ, ಬೇವು, ಸ್ವಲ್ಪ ಶ್ರೀಗಂಧದ ಸಸಿ ಬೆಳೆಸುತ್ತಿದ್ದೇನೆ. ಪಾಕೆಟ್‌ಗೆ ನಮ್ಮ ಗದ್ದೆ ಮಣ್ಣನ್ನೇ ತುಂಬಿ, ಬೆಳಿಗ್ಗೆ ಸಂಜೆ ಪೈಪಿನಲ್ಲಿ ನೀರು ಬಿಡುತ್ತೇನೆ. ಆದರೂ ಎಲೆ ಹಳದಿಯಾಗುತ್ತಿದೆ, ಎಳೆ ಸಸಿಗಳು ಬುಡದಲ್ಲೇ ಬಾಗಿ ಬೀಳುತ್ತಿವೆ. ನೀರು ಸಾಲುತ್ತಿಲ್ಲವೇ?

ಉತ್ತರ: ನೀವು ಬರೆದಿರುವ ಲಕ್ಷಣ ನೋಡಿದರೆ ನೀರು ಹೆಚ್ಚಾಗಿದೆ. ನಾಲೆ ಬಯಲಿನ ಗದ್ದೆ ಮಣ್ಣು ಜಿಗುಟು. ಭತ್ತಕ್ಕೆ ಅದೇ ಬೇಕು, ಆದರೆ ಅಂಗೈಯಗಲದ ಪಾಕೆಟ್‌ನಲ್ಲಿ ಅದು ನೀರನ್ನು ಹಿಡಿದುಕೊಂಡು ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಎಳೆ ಸಸಿ ಬುಡದಲ್ಲಿ ಬಾಗುವುದು ಬುಡಕೊಳೆ ರೋಗದ ಗುರುತು. ಅದನ್ನು ತರುವ ಶಿಲೀಂಧ್ರಗಳು ಸದಾ ಒದ್ದೆಯಿರುವ ಮಣ್ಣಿನಲ್ಲೇ ಹೆಚ್ಚುತ್ತವೆ. ಅನುಮಾನವಿದ್ದರೆ ಹಳದಿಯಾದ ಒಂದು ಸಸಿಯ ಪಾಕೆಟ್ ಸೀಳಿ ನೋಡಿ. ಬೇರು ಕಂದು ಬಣ್ಣಕ್ಕೆ ತಿರುಗಿ, ಮಣ್ಣು ಹುಳಿವಾಸನೆ ಬಂದರೆ ನೀರೇ ಕಾರಣ.

ಗಡಿಯಾರ ನೋಡಿ ನೀರು ಹಾಕುವುದನ್ನು ಮೊದಲು ಬಿಡಿ. ಚೆನ್ನಾಗಿ ನೀರುಂಡ ಪಾಕೆಟ್ ಒಂದನ್ನು ಎತ್ತಿ ಅದರ ಭಾರ ಕೈಗೆ ಗೊತ್ತು ಮಾಡಿಕೊಳ್ಳಿ. ಮರುದಿನ ಬೆಳಿಗ್ಗೆ ಮತ್ತೆ ಎತ್ತಿ. ಭಾರವಿದ್ದರೆ ಆ ದಿನ ನೀರು ಬೇಡ, ಹಗುರವಾಗಿದ್ದರೆ ಅಡಿಯ ತೂತಿನಿಂದ ಇಳಿಯುವವರೆಗೆ ಕೊಡಿ. ನಾಲ್ಕಾರು ದಿನದಲ್ಲಿ ಕೈಗೇ ಗೊತ್ತಾಗುತ್ತದೆ, ಬೇರೆ ಯಾವ ಉಪಕರಣವೂ ಬೇಕಿಲ್ಲ. ಮಡಿಯ ಅಂಚಿನ ಸಾಲು ಬಿಸಿಲು ಗಾಳಿಗೆ ಬೇಗ ಒಣಗುತ್ತದೆ, ನಡುವಿನದು ನಿಧಾನ. ಆದ್ದರಿಂದ ಎರಡೂ ಕಡೆ ಎತ್ತಿ ನೋಡಿ. ಸಂಜೆ ನೀರು ಕೊಟ್ಟರೆ ಎಲೆ ರಾತ್ರಿಯೆಲ್ಲ ಒದ್ದೆಯಿರುತ್ತದೆ, ಬೆಳಗಿನ ಹೊತ್ತೇ ವಾಸಿ. ಪೈಪಿನ ರಭಸಕ್ಕೆ ಮಣ್ಣು ಕೊಚ್ಚಿ ಬೇರು ಬಯಲಾಗುತ್ತದೆ, ರೋಸ್ ಕ್ಯಾನ್ (ಜರಡಿಯಂತಹ ಮೂತಿಯಿಂದ ಹನಿಹನಿಯಾಗಿ ನೀರು ಚಿಮುಕಿಸುವ ಡಬ್ಬ) ಬಳಸಿ.

ಮುಂದಿನ ಸಲ ಕೆಂಪು ಮಣ್ಣು 2 ಪಾಲು, ಮರಳು 1 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು ಬೆರೆಸಿ ತುಂಬಿ. ಪಾಕೆಟ್‌ನ ತೂತು ಮುಚ್ಚಿದೆಯೇ ಎಂದೂ ನೋಡಿ.

ಶ್ರೀಗಂಧವನ್ನು ಬೇರೆ ಮಡಿಯಲ್ಲಿಡಿ. ನೀರು ನಿಂತರೆ ಅದು ಬೇಗ ಸೋಲುತ್ತದೆ. ಬೇರೆ ಗಿಡದ ಬೇರಿನಿಂದ ಪೋಷಣೆ ಎಳೆಯುವ ಗಿಡವಾದ್ದರಿಂದ ಅದೇ ಪಾಕೆಟ್‌ನಲ್ಲಿ ತೊಗರಿ ಹಾಕಿ, ಆದರೆ ತೊಗರಿ ನೆರಳು ಮಾಡದಂತೆ ಆಗಾಗ ಚಿವುಟುತ್ತಿರಿ. ಆ ಪಾಕೆಟ್‌ನಲ್ಲಿ ಎರಡು ಗಿಡ ನೀರು ಕುಡಿಯುತ್ತಿರುತ್ತವೆ, ಅದಕ್ಕೇ ಹೊಂಗೆಯ ಲೆಕ್ಕ ಅಲ್ಲಿ ನಡೆಯದು.

ಜೂನ್ ಮಳೆಗೆ ನಾಟಿ ಮಾಡುವುದಾದರೆ ಸಸಿ ಬಯಲಿಗೆ ಗಟ್ಟಿಯಾಗಲೆಂದು 3-4 ವಾರ ಮುಂಚೆಯೇ ನೆರಳು ತೆಗೆಯಿರಿ, ನೀರಿನ ನಡುವಿನ ಅಂತರ ಹೆಚ್ಚಿಸುತ್ತಾ ಹೋಗಿ. ಎಲೆ ಮಧ್ಯಾಹ್ನ ಸ್ವಲ್ಪ ಬಾಡಿ ಸಂಜೆ ಎದ್ದು ನಿಂತರೆ ಹೆದರಬೇಡಿ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ತಡಮಾಡದೆ ನೀರು ಕೊಡಿ.